ಹಟ್ಟಿಯಲ್ಲಿ ಹಾಲಣಬೆ

ಅಣಬೆ ಬೆಳೆಯುವವರ ಮನೆಗೆ ನಗು ತಾನಾಗಿ ಬರುತ್ತದೆ. ಅಣಬೆ ಮಾತ್ರ ಕಾಯಿಸುತ್ತದೆ.

ಬಿ.ಎಸ್ಸಿ. ಮುಗಿಸಿ, ಹೆಮ್ಮಾಡಿಯ ನಮ್ಮ ಮನೆಯ ಖಾಲಿ ದನದ ಹಟ್ಟಿಯಲ್ಲಿ ಬೈಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆದೆ. ಬೆಳೆ ಮುಗಿದ ಹುಲ್ಲನ್ನು ಬಿಸಾಡದೆ ಎರೆಹುಳುಗಳಿಗೆ ಹಾಕಬೇಕು. ಅವು ಕೊಟ್ಟ ಗೊಬ್ಬರವನ್ನು ಹಬೆಯಲ್ಲಿ ಬೇಯಿಸಿ, ಹಾಲಣಬೆ ಎಂಬ ಇನ್ನೊಂದು ಜಾತಿಯ ಬೀಜ ಹಾಕಿದ ಹುಲ್ಲಿನ ಚೀಲಗಳ ಮೇಲೆ ಹೊದೆಸಬೇಕು. ಅದರಿಂದ ಹೊಸ ಅಣಬೆ. ಇದು ನನ್ನ ಲೆಕ್ಕ.

ಅಮ್ಮನ ಲೆಕ್ಕ ಬೇರೆ. “ಮಳಿ ಹಿಡುದ್ರೊಳ್ಗೆ ಅಣಬಿ ಏಳ್ದಿದ್ರೆ ಹಟ್ಟಿಲಿ ಎಮ್ಮಿ ಕಟ್ಟುದೇ.”

ಕೋಳಿಯ ದೂರು

ಹುಳುವಿನ ತೊಟ್ಟಿಗೆ ಗೋಣಿ ಮುಚ್ಚಿದ್ದೆ. ಅದನ್ನು ಕೆದಕಿ ಸರಿಸಲು ಪಕ್ಕದ ಮನೆ ಅಕ್ಕನ ಕೋಳಿಗಳು ಬೇಗ ಕಲಿತವು. ದೂರು ಹೇಳಲು ಹೊರಟರೆ ಅಕ್ಕನೇ ಬೇಲಿಯ ಹತ್ತಿರ ನಿಂತಿದ್ದರು.

“ಹ್ವಾಯ್, ನಮ್ ಕೋಳಿಗೆ ಎಂತ ಹಾಕ್ತೆ ನೀನ್?”

“ನಾನೆಂತ ಹಾಕ್ಲಿಲ್ಲ ಅಕ್ಕ. ಅವೇ ಬಂದ್ ಹುಳ ತಿಂತೊ.”

“ಅದೇ ಮತ್ತೆ! ಈಗ ಅಕ್ಕಿ ಹಾಕಿರೆ ತಿರ್ಗಿಯೂ ಕಾಂತಿಲ್ಲ. ರುಚಿ ಹತ್ಸಿದ್ ನೀನು, ಸಾಂಕುದ್ ನಾನಾ?”

ತೊಟ್ಟಿಗೆ ಬಲೆ ಕಟ್ಟಿದೆ. ಅಕ್ಕ ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಕೋಳಿಗಳು ಬಿಡಲಿಲ್ಲ.

ಒಂದು ಮುಷ್ಟಿ ಹುಳ

ಆ ಅಕ್ಕನ ಗಂಡ ಹೊಳೆಯಲ್ಲಿ ಗಾಳ ಹಾಕುವವರು. ಬಲೆಯ ಮೇಲಿಂದ ಇಣುಕಿದರು.

“ತಂಗಿ, ಒಂದ್ ಮುಷ್ಟಿ ಹುಳ ಕೊಡ್.”

“ಅದ್ ಗೊಬ್ಬರದ ಹುಳ ಅಣ್ಣ, ಗಾಳದ್ದಲ್ಲ.”

“ಅದ್ ಮೀನಿಗೆ ಗೊತ್ತಿತ್ತಾ?”

ನಾನು ಕೊಡಲಿಲ್ಲ. ಮರುದಿನ ಒಲೆಯ ಮೇಲೆ ಮೀನುಸಾರು ಕುದಿಯುತ್ತಿತ್ತು. ಮೀನು ಕೊಟ್ಟದ್ದು ಯಾರೆಂದು ಕೇಳಿದೆ. ಅಮ್ಮ ಸೌಟು ನಿಲ್ಲಿಸಲಿಲ್ಲ.

“ಒಂದ್ ಮುಷ್ಟಿ ಹುಳ ಹೋರೆ ನಿನ್ ವಿಜ್ಞಾನ ಮುಳ್ಗುದಿಲ್ಲ. ಊಟಕ್ಕೆ ಕೂಕೊ.”

ಪ್ರತಿಭಟನೆಗೆಂದು ಒಂದೇ ತುಂಡು ತಿಂದೆ. ಆಮೇಲೆ ಇನ್ನೊಂದು.

ಗರ್ನಾಲು

ಉಳಿದ ಹುಳುಗಳು ಗೊಬ್ಬರ ಮಾಡಿಕೊಟ್ಟವು. ಬೇಯಿಸಿ, ಆರಿಸಿ, ಚೀಲಗಳಿಗೆ ಹೊದೆಸಿದೆ. ಅದರೊಳಗೆ ಬಿಳಿ ಎಳೆಗಳು ಹರಡಿದವು, ಅಣಬೆ ಏಳಲಿಲ್ಲ. ಅತ್ತ ಮೋಡ ಕಟ್ಟತೊಡಗಿತು. ಅಮ್ಮ ಯಡ್ತರೆ ಊರಿನ ಎಮ್ಮೆ ಮಾರುವವರೊಬ್ಬರಿಗೆ ಎಮ್ಮೆ ತರಲು ಹೇಳಿಯೂ ಆಗಿತ್ತು.

ಅಜ್ಜನಿಗೆ ಕಾರಣ ಗೊತ್ತಿತ್ತು. “ಗುಡ್ಗ್ ಇಲ್ದೆ ಅಣಬಿ ಏಳತ್ತಾ ಮಗಾ? ಗುಡ್ಡಿಲಿ ಏಳುದೂ ಗುಡ್ಗಿಗೇ.”

“ಇದ್ಕೆ ಗುಡ್ಗ್ ಬ್ಯಾಡ ಅಜ್ಜ. ತೇವ, ಗಾಳಿ, ಬೆಳಕು ಸಾಕ್.”

ಸಂಜೆ ಚೀಲಗಳಿಗೆ ನೀರು ಸಿಂಪಡಿಸಿ ಹೊರಗೆ ಬಂದೆ. ಹಟ್ಟಿಯ ಹಿಂದೆ ‘ಢಂ’ ಎಂದಿತು. ತೆಂಗಿನಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಹೊಗೆಯ ನಡುವಿನಿಂದ ಅಜ್ಜ ಬಂದರು. ದೀಪಾವಳಿಯಲ್ಲಿ ಉಳಿದಿದ್ದ ಗರ್ನಾಲು ಪಟಾಕಿ ಹೊಡೆದಿದ್ದರು.

ಬೆಳಿಗ್ಗೆ ನೋಡಿದರೆ ಗೊಬ್ಬರದ ತುಂಬ ಬಿಳಿ ಮೊಗ್ಗುಗಳು! ನಾನು ಕೂಗಿದ್ದಕ್ಕೆ ಅಮ್ಮ ಓಡಿಬಂದರು. ಅಷ್ಟರಲ್ಲಿ ಯಡ್ತರೆಯವರು ಎಮ್ಮೆ ಹಿಡಿದುಕೊಂಡು ಅಂಗಳಕ್ಕೆ ಬಂದರು.

“ಹಾಲಿನ ಹೊಳೆಯೇ ಅಮ್ಮಾ ಇದು!” ಎಂದು ಎಮ್ಮೆಯ ಬೆನ್ನು ತಟ್ಟಿದರು.

“ಬ್ಯಾಡ ಮಾರಾಯ್ರೆ, ಹಟ್ಟಿ ಭರ್ತಿ ಆಯ್ತ್” ಎಂದು ಅಮ್ಮ ಅಣಬೆ ತೋರಿಸಿದರು.

ಅವರಿಗೆ ಆಶ್ಚರ್ಯ. ಹಳೆಯ ಹುಲ್ಲು, ಎರೆಹುಳು, ಗೊಬ್ಬರ, ಎಲ್ಲವನ್ನೂ ನಾನು ಕ್ರಮವಾಗಿ ವಿವರಿಸಿದೆ. ತಲೆಯಾಡಿಸುತ್ತ ಕೇಳಿಸಿಕೊಂಡರು.

“ಅದೆಲ್ಲ ಸಮ. ಏಳ್ಸಿದ್ದ್ ನನ್ ಗರ್ನಾಲ್” ಎಂದರು ಅಜ್ಜ.

ಯಡ್ತರೆಯವರ ತಲೆಯಾಟ ನಿಂತಿತು. ಎಮ್ಮೆಯನ್ನೊಮ್ಮೆ ನೋಡಿದರು. ಮೆಲ್ಲಗೆ ಅಜ್ಜನ ಹತ್ತಿರ ಸರಿದು ಕೇಳಿದರು:

“ಅಜ್ಜಯ್ಯ, ಹಾಂಗಾರೆ ಇದ್ರ ಹಿಂದೆಯೂ ಒಂದ್ ಗರ್ನಾಲ್ ಹೊಡ್ದ್ರೆ ಹಾಲ್ ಬಿಡತ್ತಾ? ಹೋದ್ ಮಳ್ಗಾಲ್ದಿಂದ ಒಂದ್ ತೊಟ್ಟೂ ಇಲ್ಲ.”