ಐದಡಿಯೊಳಗಿನ ಹಾವು

ಶನಿವಾರ ಬೆಳಿಗ್ಗೆ ಹಾರ್ಲನ್ ಮೂನಿ ಕಸದ ತೊಟ್ಟಿಗೆ ಕೈ ಹಾಕದೇ ಇದ್ದಿದ್ದರೆ ಎಲ್ಡನ್ ಪ್ರೂಯಿಟ್ ಇನ್ನೊಂದು ನಿದ್ದೆ ತೆಗೆಯುತ್ತಿದ್ದ. ಆದರೆ ಪಕ್ಕದವರ ಕಸ ಕೆದಕದಿದ್ದರೆ ಹಾರ್ಲನ್‌ಗೆ ತಿಂದದ್ದು ಅರಗುವುದಿಲ್ಲ. ಟೊಲೀಡೊ ನಗರದ ಆ ಮೂರು ಮಹಡಿಯ ಕಟ್ಟಡದಲ್ಲಿ ಯಾರ ಮನೆಗೆ ಎಷ್ಟು ಪಿಜ್ಜಾ ಬಂತು, ಯಾರ ಬಿಯರ್ ಬಾಟಲಿ ಹೆಚ್ಚಾಯಿತು, ಎಲ್ಲವೂ ಅವನಿಗೆ ಬಾಯಿಪಾಠ. ಅಂದು ಅವನು ಎಲ್ಡನ್‌ನ ಬಾಗಿಲು ಬಡಿದಾಗ ಕೈಯಲ್ಲಿ ಹಾವಿನ ಪೊರೆ ಜೋತಾಡುತ್ತಿತ್ತು.

"ಆರಡಿ ಎರಡಿಂಚು! ನಾನೇ ಅಳೆದೆ. ಐದಡಿ ದಾಟಿದ ಹಾವನ್ನ ಇಲ್ಲಿ ಇಟ್ಕೊಳ್ಳೋ ಹಾಗಿಲ್ಲ ಅಂತ ಗೊತ್ತಿಲ್ವೇನಯ್ಯಾ?"

ಎಲ್ಡನ್ ಒಳಗಿದ್ದ ಗಾಜಿನ ಗೂಡಿನತ್ತ ತಿರುಗಿ ನೋಡಿದ. ದಿನವಿಡೀ ಹಾಸಿಗೆ ಅಂಗಡಿಯಲ್ಲಿ ಗಿರಾಕಿಗಳಿಗೆ ಹಲ್ಲು ಕಿರಿದು ಮನೆಗೆ ಬಂದರೆ ಅವನಿಗಿದ್ದ ಒಂದೇ ಜೀವ ಮೇಬಲ್, ಕಿತ್ತಳೆ ಬಣ್ಣದ ವಿಷವಿಲ್ಲದ ಹಾವು. ಅಳತೆ ಮೀರಿದರೆ ಒಂದೋ ಮೇಬಲ್ ಹೊರಗೆ, ಇಲ್ಲವೇ ಇಬ್ಬರೂ ಹೊರಗೆ.

"ಕಳಚಿದ ಪೊರೆ ಹಿಗ್ಗಿರುತ್ತೆ ಸಾರ್. ಹಾವು ಅಷ್ಟುದ್ದ ಇರಲ್ಲ."

"ಹಿಗ್ಗಿರೋದು ಪೊರೆಯಲ್ಲ, ಹಾವು! ಹೋದ ವಾರ ಅದಕ್ಕೊಂದು ಗಾಜಿನ ಅರಮನೆ ತರಿಸಿದೆಯಲ್ಲ? ಅಷ್ಟು ಜಾಗ ಕೊಟ್ರೆ ಬೆಳೆಯದೆ ಇನ್ನೇನು ಮಾಡುತ್ತೆ?"

"ಬೆಳೆಯೋದು ಜಾಗದಿಂದಲ್ಲ, ತಿನ್ನೋದ್ರಿಂದ. ನೀವೂ ಸಣ್ಣ ಮನೇಲೇ ಇದ್ದೀರಿ, ನಿಮ್ಮ ಹೊಟ್ಟೆ ಬೆಳೆಯೋದು ನಿಂತಿದೆಯಾ?"

ಈ ಮಾತು ಆಡಬಾರದಿತ್ತು. ಹಾರ್ಲನ್ ಮೆಟ್ಟಿಲ ಬಳಿ ನಿಂತು ಕೂಗಿದ್ದಕ್ಕೆ ಇಡೀ ಮಹಡಿಯೇ ಬಂದು ನೆರೆಯಿತು. ಕಟ್ಟಡದ ಮ್ಯಾನೇಜರ್ ಬರ್ನಡೆಟ್ ಕೊವಾಲ್ಸ್ಕಿ ಅಳತೆ ಟೇಪು ಹಿಡಿದು ಓಡೋಡಿ ಬಂದಳು. ಬಾಡಿಗೆದಾರರನ್ನು ನಿಂತ ಕಾಲಲ್ಲಿ ಹೊರಹಾಕಿದ ಹೆಸರು ಆಕೆಗಿತ್ತು.

"ಹಾರ್ಲನ್ ಹೇಳೋದು ಸರಿ, ಎಲ್ಡನ್. ಚಿಕ್ಕ ಡಬ್ಬದಲ್ಲಿಟ್ರೆ ಹಾವು ಚಿಕ್ಕದಾಗೇ ಇರುತ್ತೆ. ಅಂಗಡಿಯವ್ರೇ ಹೇಳ್ತಾರೆ. ತೆಗೀರಿ ಅದನ್ನ."

ತೆಗೆದದ್ದೇನೋ ಆಯಿತು. ನೆಟ್ಟಗೆ ಮಲಗು ಎಂದರೆ ಹಾವು ಕೇಳಬೇಕಲ್ಲ! ಮೇಬಲ್ ಒಮ್ಮೆ ಸೋಫಾದಡಿ ನುಸುಳಿತು, ಇನ್ನೊಮ್ಮೆ ಮೇಜಿನ ಕಾಲಿಗೆ ಸುತ್ತಿಕೊಂಡಿತು. ಕೊನೆಗೆ ಬಗ್ಗಿ ನೋಡುತ್ತಿದ್ದ ಹಾರ್ಲನ್‌ನ ಅಂಗಿಯ ತೋಳಿನೊಳಗೇ ಹೊಕ್ಕಿತು.

"ಅಯ್ಯಯ್ಯೋ! ತೆಗೀರೋ! ಕತ್ತಿನ ಹತ್ರ ಬಂತು!"

ನೆರೆದವರು ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಬರ್ನಡೆಟ್ ಮಾತ್ರ ಅಲುಗಲಿಲ್ಲ. ತೋಳಿನೊಳಗೆ ಕೈ ಹಾಕಿ, ನಿದ್ದೆಗಣ್ಣಿನ ಕೂಸನ್ನು ಎತ್ತಿಕೊಳ್ಳುವಂತೆ ಮೇಬಲನ್ನು ಈಚೆ ತೆಗೆದಳು. ಎಲ್ಡನ್ ಮೂತಿಯಿಂದ ಬಾಲದವರೆಗೆ ಬೆನ್ನಗುಂಟ ದಾರ ಹಿಡಿದ. ಆಕೆ ಆ ದಾರವನ್ನು ಟೇಪಿಗಿಟ್ಟು ನೋಡಿದಳು.

"ನಾಲ್ಕಡಿ ಹತ್ತಿಂಚು. ಇರಬಹುದು."

ಎಲ್ಡನ್‌ಗೆ ಹೋದ ಜೀವ ಬಂದಂತಾಯಿತು. ಬರ್ನಡೆಟ್ ಪೊರೆಯನ್ನು ಮಡಚಿ ತನ್ನ ಚೀಲಕ್ಕೆ ಸೇರಿಸಿಕೊಂಡಳು. ಹಾರ್ಲನ್ ಅಂಗಿ ಬದಲಿಸಲು ಹೋದವನು ಮತ್ತೆ ತಲೆ ಹಾಕಲಿಲ್ಲ. ಎಲ್ಡನ್ ಮಧ್ಯಾಹ್ನವೆಲ್ಲ ಸಿಳ್ಳೆ ಹಾಕುತ್ತ ಮನೆ ಗುಡಿಸಿದ.

ಸಂಜೆ ಮತ್ತೆ ಬಾಗಿಲು ಬಡಿದ ಸದ್ದು. ಬರ್ನಡೆಟ್ ನಿಂತಿದ್ದಳು, ಬಾಯಿ ಕಟ್ಟಿದ ದಿಂಬಿನ ಚೀಲವೊಂದನ್ನು ಅವುಚಿಕೊಂಡು. ಚೀಲ ಮಿಸುಕಾಡುತ್ತಿತ್ತು.

"ಮೇಡಂ, ಆ ಪೊರೆ..."

"ನಮ್ಮನೆ ಹೆಬ್ಬಾವಿನದೇ ಮಾರಾಯ, ಮೆಲ್ಲಗೆ ಮಾತಾಡು! ಮಂಚದ ಕೆಳಗೆ ಚಿಕ್ಕ ಡಬ್ಬದಲ್ಲಿಟ್ಟಿದ್ದೆ. ಬೆಳೆಯಲ್ಲ ಅಂದಿದ್ರು. ಈಗ ಪಾಪದ್ದು, ಮೈ ನೀಡೋಕೂ ಜಾಗ ಇಲ್ಲ."

ಬೈಯಬೇಕೆಂದಿದ್ದ ಎಲ್ಡನ್‌ನ ಮನಸ್ಸು ಕರಗಿತು. ಮೇಬಲನ್ನು ಹಳೆಯ ಗಾಜಿನ ಪೆಟ್ಟಿಗೆಗೆ ಕಳಿಸಿ, ಚೀಲವನ್ನು ಹೊಸ ಗೂಡಿನೊಳಗೆ ಬಿಚ್ಚಿದ. ಹೆಬ್ಬಾವು ಒಂದು ತುದಿಯಿಂದ ಇನ್ನೊಂದು ತುದಿಗೆ ನೆಟ್ಟಗೆ ಚಾಚಿಕೊಂಡಿತು. ಬರ್ನಡೆಟ್ ಕಣ್ಣೊರೆಸಿಕೊಂಡು ನಿಟ್ಟುಸಿರುಬಿಟ್ಟಳು.

"ಆದ್ರೆ ಮೇಡಂ, ಐದಡಿ ನಿಯಮ?"

"ಅಳೆಯೋಳು ನಾನೇ ತಾನೆ? ಯಾರಿಗೂ ಗೊತ್ತಾಗದಿದ್ರೆ ಆಯ್ತು."

"ಗೊತ್ತಾದ್ರೆ?"

ಆಕೆ ಬಾಗಿಲ ಬಳಿ ತಿರುಗಿ ನಿಂತಳು.

"ಗೊತ್ತಾದ್ರೆ ನಾನೇನು ಮಾಡ್ಲಿ ಹೇಳು? ಅಳೆದಾಗ ನಾಲ್ಕಡಿ ಹತ್ತಿಂಚೇ ಇತ್ತು, ಇವನು ದೊಡ್ಡ ಗೂಡಿಗೆ ಹಾಕಿ ಬೆಳೆಸಿಬಿಟ್ಟ ಅಂತೀನಿ. ಹಾರ್ಲನ್ ಅಂತೂ ಖಂಡಿತ ನಂಬ್ತಾನೆ."