ಪೂಜ್ಯಂ ಅಂದರೆ ಸೊನ್ನೆ

ನನಗೊಂದು ಚಟವಿದೆ. ಎಲೆಯಡಿಕೆಯದಲ್ಲ, ಆ ಇಲಾಖೆಯನ್ನು ಮನೆಯವರೆಲ್ಲರ ಪರವಾಗಿ ನಮ್ಮತ್ತೆ ಒಬ್ಬರೇ ನೋಡಿಕೊಳ್ಳುತ್ತಾರೆ. ನನ್ನದು ತಿದ್ದುವ ಚಟ. ಮದುವೆ ಕಾಗದ ಕೈಗೆ ಬಂದರೆ ಗಂಡು ಯಾರು, ಹೆಣ್ಣು ಯಾರು ಎಂದು ನೋಡುವ ಮೊದಲು ಒತ್ತಕ್ಷರ ಎಲ್ಲಿ ಬಿಟ್ಟುಹೋಗಿದೆ ಎಂದು ಹುಡುಕುತ್ತೇನೆ. ಒಮ್ಮೆ ತಾಳವಾಡಿಯ ಬೇಕರಿಯೊಂದರಲ್ಲಿ ‘ಕೆಕು ಸಿಗುತ್ತದೆ’ ಎಂಬ ಬೋರ್ಡಿಗೆ ಬೆರಳು ತೋರಿಸಿ, ಕೆ ಅಕ್ಷರಕ್ಕೆ ದೀರ್ಘ ಬೇಕು ಎಂದು ಪಾಠ ಹೇಳಿದೆ. ಅಂಗಡಿಯವನು ಸಮಾಧಾನವಾಗಿ ಕೇಳಿಸಿಕೊಂಡು, “ಅಕ್ಕ, ಈಗ ನಿಮ್ಗೆ ಕೇಕ್ ಕಟ್ಲಾ, ದೀರ್ಗ ಕಟ್ಲಾ?” ಅಂದ. ಈ ಚಟದಿಂದ ಉಪಕಾರವಾದವರು ನನಗೆ ಇದುವರೆಗೆ ಸಿಕ್ಕಿಲ್ಲ. ನನಗೇ ಅಪಕಾರವಾದ ಕಥೆ ಮಾತ್ರ ಒಂದಿದೆ. ಅದರಲ್ಲಿ ಭೌತಶಾಸ್ತ್ರ ಬರುತ್ತದೆ. ಹೆದರಬೇಡಿ, ನನಗೂ ಅದು ಅಷ್ಟಾಗಿ ಗೊತ್ತಿಲ್ಲ.

ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನನಗೆ ಮದುವೆಯಾಯಿತು. ಪುಸ್ತಕಗಳನ್ನು ಟ್ರಂಕಿನಲ್ಲಿಟ್ಟುಕೊಂಡೇ ಗಂಡನ ಮನೆಗೆ ಬಂದೆ. ಆಮೇಲೆ ಆ ಟ್ರಂಕಿನ ಮೇಲೆ ರಾಗಿ ಮೂಟೆ ಕೂತಿತು, ಹದಿನೆಂಟು ವರ್ಷ ಎದ್ದೇಳಲಿಲ್ಲ. ಮಗಳು ಹಾಸ್ಟೆಲಿಗೆ ಸೇರಿದ ವರ್ಷ ಮೂಟೆ ಸರಿಸಿ ನೋಡಿದವರು ನಮ್ಮತ್ತೆ. ಹುಳು ಹೊಡೆದ ಚರಿತ್ರೆಯ ನೋಟ್ಸು ಕೈಯಲ್ಲಿ ಹಿಡಿದು, “ಓದವ್ವ ನೀನು. ಅರ್ದಕ್ಕೆ ಬುಟ್ಟಿದ್ದು ಯಾವತ್ತಿದ್ರೂ ಕಾಲ್ಗೆ ತೊಡರ್ಕತದೆ. ಕೊಟ್ಟಿಗೆ ಮುಂದ್ಕೂ ನಾನೇ ನೋಡ್ಕತೀನಿ,” ಅಂದರು. ಕೊಟ್ಟಿಗೆ ನೋಡಿಕೊಳ್ಳುವುದೆಂದರೆ ಸುಮ್ಮನೆ ನೋಡುವುದಲ್ಲ. ನಾಲ್ಕು ಹಸುಗಳ ಸಗಣಿ ಗಂಜಳ ಬಾಚಿ, ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು ಹಿತ್ತಿಲ ಕೊನೆಯ ತಿಪ್ಪೆಗೆ ಹಾಕಬೇಕು. ಹಿತ್ತಿಲು ಉದ್ದ, ಆದರೆ ಏರಿಲ್ಲ ಇಳಿವಿಲ್ಲ, ಅಂಗೈಯಂತೆ ಸಮತಟ್ಟು. ಈ ಸಮತಟ್ಟನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದಲೇ ಮನೆ ಒಡೆಯುವ ಹಾಗಾಯಿತು.

ದೂರಶಿಕ್ಷಣದಲ್ಲಿ ಚರಿತ್ರೆಯ ಪೇಪರುಗಳೆಲ್ಲ ಸಲೀಸಾಗಿ ಪಾಸಾದವು. ರಾಜರು ಸತ್ತು ಎಷ್ಟೋ ಕಾಲವಾಗಿದೆ, ಸ್ವಲ್ಪ ಹೆಚ್ಚುಕಡಿಮೆ ಬರೆದರೂ ಬಂದು ಕೇಳುವುದಿಲ್ಲ. ಆದರೆ ಕಲಾ ವಿಭಾಗದವರೂ ಒಂದು ವಿಜ್ಞಾನದ ಪೇಪರು ತೆಗೆದುಕೊಳ್ಳಲೇಬೇಕೆಂಬ ನಿಯಮವಿತ್ತು. ಪಟ್ಟಿಯಲ್ಲಿ ‘ಭೌತಶಾಸ್ತ್ರ ಪರಿಚಯ’ ಎಂದಿತ್ತು. ಅದರ ಕೆಳಗೆ ‘ಲೆಕ್ಕಗಳು ಇರುವುದಿಲ್ಲ’ ಎಂದಿತ್ತು. ವರದಕ್ಷಿಣೆ ಬೇಡ ಅನ್ನುವ ಗಂಡಿನ ಕಡೆಯವರನ್ನು ನಂಬುವ ಹಾಗೆ ನಾನು ಅದನ್ನು ನಂಬಿದೆ. ಮೊದಲ ಸಲ ಫೇಲಾದೆ. ಇನ್ನೊಂದೇ ಅವಕಾಶ ಉಳಿದಿತ್ತು. ಅದೂ ಹೋದರೆ ಡಿಗ್ರಿ ಇಲ್ಲ, ಅಷ್ಟೂ ಓದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಎರಡನೇ ಸಲವೂ ಅರ್ಧಕ್ಕೆ ಬಿಟ್ಟವಳು ಎನಿಸಿಕೊಳ್ಳಲು ನನಗೆ ನಿಜವಾಗಿ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಬೆಳಗಾಗೆದ್ದು ಮಂಕರಿ ಹೊರುವ ಅತ್ತೆಯ ಮುಖ ಹೇಗೆ ನೋಡುವುದು?

ನಮ್ಮ ಸೀಮೆಯ ಮಾತು ಕನ್ನಡವಾದರೂ ತಾಳವಾಡಿ ಸೇರಿರುವುದು ತಮಿಳುನಾಡಿಗೆ, ಹಾಗಾಗಿ ಪಾಠ ಫೋನಿನಲ್ಲಿ, ತಮಿಳಿನಲ್ಲಿ. ನಾನು ಓದಿದ್ದು ಕನ್ನಡ ಮೀಡಿಯಮ್ಮಿನಲ್ಲಿ. ನನ್ನ ತಮಿಳು ಬಸ್ಸಿನದು, ರೇಷನ್ ಅಂಗಡಿಯದು. ಅದರಲ್ಲಿ ಸೀಟು ಹಿಡಿಯಬಹುದು, ಸಕ್ಕರೆ ಬಂತೇ ಎಂದು ಕೇಳಬಹುದು. ಭೌತಶಾಸ್ತ್ರ ಅದರೊಳಗೆ ಹಿಡಿಸಲಿಲ್ಲ. ಮೇಷ್ಟ್ರು ಇಳಿಜಾರಿನಲ್ಲಿ ಉರುಳುವ ಗುಂಡಿನ ಚಿತ್ರ ಬರೆದು ‘ಮುಡುಕ್ಕಂ, ಮುಡುಕ್ಕಂ’ ಅನ್ನುತ್ತಿದ್ದರು. ನಾನು ಯಾರೋ ಮುದುಕಮ್ಮ ಬೆಟ್ಟದಿಂದ ಉರುಳುತ್ತಿದ್ದಾಳೆಂದು ಒಂದು ವಾರ ಮರುಗಿದೆ. ವೇಗ ಏರುವುದಕ್ಕೆ ತಮಿಳಿನಲ್ಲಿ ಹಾಗೆನ್ನುತ್ತಾರೆಂದು ಆಮೇಲೆ ತಿಳಿಯಿತು. ಜಡತ್ವದ ಪಾಠ ಮಾತ್ರ ಒಂದೇ ಏಟಿಗೆ ಅರ್ಥವಾಯಿತು. ದಿಂಬಂ ಘಾಟಿಯಲ್ಲಿ ಬಸ್ಸು ತಿರುಗುತ್ತದೆ, ನಾವು ತಿರುಗುವುದಿಲ್ಲ, ಪಕ್ಕದವರ ಮಡಿಲಿಗೆ ಹೋಗಿ ಬೀಳುತ್ತೇವೆ. ಇದಕ್ಕೆ ಮೇಷ್ಟ್ರು ಬೇಕಾಗಿಲ್ಲ. ಚಲನೆ ಎಂಬುದು ನೋಡುವವರನ್ನು ಅವಲಂಬಿಸಿದೆ ಎಂಬುದೂ ಅರ್ಥವಾಯಿತು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ತಿಪ್ಪೆಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಮಾತ್ರ. ಅಲ್ಲಿ ಕದಲದೆ ಕೂತ ನನಗೆ ಫೋನು ‘ಕರ್ನಾಟಕಕ್ಕೆ ಸ್ವಾಗತ’ ಅನ್ನುತ್ತದೆ, ಐದು ನಿಮಿಷ ಬಿಟ್ಟು ‘ತಮಿಳುನಾಡಿಗೆ ಸ್ವಾಗತ’ ಅನ್ನುತ್ತದೆ. ನನ್ನ ಲೆಕ್ಕದಲ್ಲಿ ನಾನು ಕೂತೇ ಇದ್ದೇನೆ, ಟವರಿನ ಲೆಕ್ಕದಲ್ಲಿ ಊರೂರು ಅಲೆಯುತ್ತಿದ್ದೇನೆ.

ಹೀಗೆ ಒಂದು ಬೆಳಿಗ್ಗೆ ಕಲ್ಲಿನ ಮೇಲೆ ಕೂತು ಪಾಠ ಕೇಳುತ್ತಿದ್ದೆ. ಅತ್ತೆ ಮಂಕರಿ ಹೊತ್ತು ತಂದು ತಿಪ್ಪೆಗೆ ಸುರಿದು, ತಲೆಗೆ ಒತ್ತಾಗಿಟ್ಟ ಸಿಂಬಿ ಬಟ್ಟೆ ಬಿಚ್ಚಿ ಮುಖ ಒರೆಸಿಕೊಳ್ಳುತ್ತಾ ನಿಂತರು. ಆ ಹೊತ್ತಿಗೆ ಸರಿಯಾಗಿ ಮೇಷ್ಟ್ರು ತಲೆಯ ಮೇಲೆ ಹೊರೆ ಹೊತ್ತ ಹೆಂಗಸಿನ ಚಿತ್ರ ತೋರಿಸಿ, ಇವಳು ಸಮತಟ್ಟಾದ ನೆಲದಲ್ಲಿ ನಡೆದು ಹೋಗುತ್ತಿದ್ದಾಳೆ ಎಂದು ವಿವರಿಸಿ, ಗಂಭೀರವಾಗಿ, “ಅಂದ ಪೆಣ್ ಸೆಯ್ದ ವೇಲೈ ಪೂಜ್ಯಂ,” ಅಂದರು. ಅತ್ತೆಗೆ ಸಂತೆಯ ತಮಿಳು ನನಗಿಂತ ಚೆನ್ನಾಗಿ ಬರುತ್ತದೆ. ಪೆಣ್ ಅಂದರೆ ಹೆಣ್ಣು, ವೇಲೈ ಅಂದರೆ ಕೆಲಸ, ಅಷ್ಟು ಅವರಿಗೆ ಗೊತ್ತು. ಪೂಜ್ಯಂ ಮಾತ್ರ ಸಂತೆಯಲ್ಲಿ ಕೇಳಿದವರಲ್ಲ, ಯಾಕೆಂದರೆ ಸೊನ್ನೆಯನ್ನು ಅಲ್ಲಿ ಯಾರೂ ಮಾರುವುದಿಲ್ಲ. ಅವರ ಮುಖ ಹಿಗ್ಗಿತು.

“ನೋಡ್ದಾ ಮಗ, ಆ ಮೇಷ್ಟ್ರು ಏನ್ ಮರ್ವಾದಿ ಕೊಟ್ಟು ಯೋಳ್ತಾವ್ರೆ! ಒರೆ ಒತ್ತವಳ ಕೆಲ್ಸ ಪೂಜ್ಯ ಅಂತೆ. ಓದ್ದೋರು ಅಂದ್ರೆ ಅಂಗಿರ್ಬೇಕು ಕಣವ್ವ. ಅರವತ್ತು ವರ್ಸ ಆಯ್ತು ನಂಗೆ, ಒಬ್ಬ ಗಂಡ್ಸು ಈ ಮಾತ ಅಂದಿರ್ನಿಲ್ಲ.”

ಇಲ್ಲಿ ಒಬ್ಬ ಬುದ್ಧಿವಂತೆ ಏನು ಮಾಡುತ್ತಿದ್ದಳು? ಹೂಂ ಅತ್ತೆ ಎಂದು ಸುಮ್ಮನಾಗುತ್ತಿದ್ದಳು. ನಾನು ಬುದ್ಧಿವಂತೆಯಲ್ಲ, ಓದಿದವಳು. ನಾಲಿಗೆ ತುರಿಸಿತು. “ಅಲ್ಲ ಅತ್ತೆ, ತಮಿಳಲ್ಲಿ ಪೂಜ್ಯಂ ಅಂದರೆ ಸೊನ್ನೆ. ತಲೆ ಮೇಲೆ ಹೊತ್ತುಕೊಂಡು ಸಮತಟ್ಟು ನೆಲದಲ್ಲಿ ಎಷ್ಟು ನಡೆದರೂ ಅದು ಕೆಲಸ ಅಲ್ಲವಂತೆ. ಭಾರ ಹಿಡಿದಿರುವ ಬಲ ಮೇಲಕ್ಕೆ, ನೀವು ಹೋಗೋದು ಮುಂದಕ್ಕೆ. ಅದಕ್ಕೇ ಸೊನ್ನೆ,” ಎಂದು ಕೈ ಮೇಲೆ ಮಾಡಿ, ಮುಂದೆ ಮಾಡಿ, ಅಭಿನಯಿಸಿಯೂ ತೋರಿಸಿದೆ. ಆ ಪಾಠವನ್ನು ನಾನು ಅಷ್ಟು ಚೆನ್ನಾಗಿ ಹೇಳಿದ್ದು ಅದೇ ಮೊದಲು.

ಅತ್ತೆ ಸಿಂಬಿಯನ್ನು ಖಾಲಿ ಮಂಕರಿಯೊಳಗೆ ಎಸೆದರು. “ನಿಮ್ಮಾವ್ನೂ ಇದ್ನೇ ಯೋಳ್ತಿದ್ರು,” ಅಂದರು. “ಮನೇಲಿ ನೀ ಏನ್ ಕೆಲ್ಸ ಮಾಡಿಯೆ ಅಂತ. ಅವ್ರು ಯಾವ್ ಪೋನಲ್ಲೂ ಓದಿರ್ನಿಲ್ಲ. ಬುಡು, ಕೆಲ್ಸ ಅಲ್ದಿದ್ರೆ ಅಲ್ಲ, ಇದು ಗೇಮೆ. ಗೇದು ಗೇದು ನನ್ ನೆತ್ತಿ ಸವ್ದೋಗದೆ. ಅದ್ಕೆ ನಿಮ್ ಮೇಷ್ಟ್ರತ್ರ ಏನಾರ ಎಸ್ರು ಅದಾ ಕೇಳು.” ಕೇಳಲಿಲ್ಲ. ಪುಸ್ತಕದ ಕೊನೆಯ ಪದಪಟ್ಟಿಯಲ್ಲಿ ಹುಡುಕಿದೆ. ಕೆಲಸ ಇತ್ತು, ಬಲ ಇತ್ತು, ಶಕ್ತಿ ಇತ್ತು. ಮೈಮುರಿದು ದುಡಿಯುವ ಗೇಮೆ ಮಾತ್ರ ಯಾವ ಭಾಷೆಯಲ್ಲೂ ಇರಲಿಲ್ಲ.

ಮಾರನೆಯ ದಿನದಿಂದ ಅತ್ತೆ ಜಗಲಿ ಹಿಡಿದರು. ಜಗಳವಿಲ್ಲ, ಮುನಿಸಿಲ್ಲ, ಎಲೆಗೆ ಸುಣ್ಣ ಸವರುತ್ತಾ, “ನಾನೇನ್ ಕೆಲ್ಸ ಬುಟ್ಟಿದ್ದೀನಾ? ಸೊನ್ನೆ ಬುಟ್ಟಿದ್ದೀನಿ,” ಅನ್ನುತ್ತಿದ್ದರು. ಹಸುಗಳು ಭೌತಶಾಸ್ತ್ರ ಓದಿದವಲ್ಲ, ತಮ್ಮ ಪಾಡಿಗೆ ಸಗಣಿ ಹಾಕುತ್ತಲೇ ಇದ್ದವು. ಮೂರು ದಿನಕ್ಕೆ ಕೊಟ್ಟಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೀಪಾವಳಿ ಆದ ಮೇಲೆ ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬ ಮಾಡುತ್ತಾರಲ್ಲ, ನಮ್ಮ ಕೊಟ್ಟಿಗೆ ಅದಕ್ಕೆ ತಿಂಗಳುಗಟ್ಟಲೆ ಮೊದಲೇ ತಯಾರಾಗಿತ್ತು. ನಮ್ಮವರಿಗೆ ಹೇಳಿದೆ. “ಅತ್ತೆ ಸೊಸೆ ಮದ್ಯೆ ನನ್ ಎಳೀಬ್ಯಾಡ ಕಣೆ,” ಎಂದು ಎಲೆಕೋಸಿನ ಹೊಲದ ಕಡೆ ಹೋದರು. ಹೊರಗಿನ ಬಲ ಬೀಳದ ಹೊರತು ನಿಂತ ವಸ್ತು ನಿಂತೇ ಇರುತ್ತದೆ ಎಂಬುದಕ್ಕೆ ನಾನು ಪರೀಕ್ಷೆಯಲ್ಲಿ ಉದಾಹರಣೆ ಹುಡುಕಬೇಕಾಗಿರಲಿಲ್ಲ.

ನಾನೇ ಸೆರಗು ಬಿಗಿದು ಮಂಕರಿ ತುಂಬಿದೆ. ತುಂಬಿದ ಮೇಲೆ ಗೊತ್ತಾಯಿತು, ತುಂಬಿದ ಮಂಕರಿಯನ್ನು ಒಬ್ಬರೇ ತಲೆಗೇರಿಸಲು ಆಗುವುದಿಲ್ಲ. ಎತ್ತಿಕೊಡಲು ಇನ್ನೊಬ್ಬರ ಕೈ ಬೇಕು. ಇಷ್ಟು ವರ್ಷ ಅತ್ತೆ ಅದನ್ನು ಕೊಟ್ಟಿಗೆಯ ಮೋಟುಗೋಡೆಗೆ ಒರಗಿಸಿ, ಮೊಣಕಾಲಿನಿಂದ ತಳ್ಳಿ, ಕುತ್ತಿಗೆ ಒಡ್ಡಿ ಹೇಗೋ ಏರಿಸಿಕೊಳ್ಳುತ್ತಿದ್ದರಂತೆ. ನಾನು ಕಲ್ಲಿನ ಮೇಲೆ ಕೂತು ಬಲದ ಬಗ್ಗೆ ಕೇಳುತ್ತಿದ್ದೆ. ಜಗಲಿಗೆ ಹೋಗಿ, “ಅತ್ತೆ, ಒಂದ್ ಕೈ ಕೊಡಿ,” ಅಂದೆ.

“ಎತ್ತದು ಕೆಲ್ಸನಾ, ಸೊನ್ನೆನಾ? ನೋಡ್ಬುಟ್ಟು ಯೋಳು.”

ಸುಳ್ಳು ಹೇಳಬಹುದಿತ್ತು. ಚಟ ಬಿಡಬೇಕಲ್ಲ! “ಎತ್ತೋದು ಕೆಲಸ ಅತ್ತೆ. ಬಲವೂ ಮೇಲಕ್ಕೆ, ಭಾರ ಹೋಗೋದೂ ಮೇಲಕ್ಕೆ.”

“ಅಂಗಾರೆ ಎತ್ತದು ನಂದು, ಒರದು ನಿಂದು,” ಎಂದು ಅತ್ತೆ ಎದ್ದು ಬಂದರು. ಹೀಗೆ ನಮ್ಮ ಮನೆಯ ಒಪ್ಪಂದವಾಯಿತು. ದಿನಾ ಬೆಳಿಗ್ಗೆ ಅತ್ತೆ ಒಂದು ಗಳಿಗೆ ಕೆಲಸ ಮಾಡುತ್ತಾರೆ, ನಾನು ಒಂದು ಗಂಟೆ ಸೊನ್ನೆ ಮಾಡುತ್ತೇನೆ. ಮೊದಲ ವಾರ ನನ್ನ ಕುತ್ತಿಗೆ ಯಾವ ಕಡೆಗೂ ತಿರುಗಲಿಲ್ಲ. ಆ ಸೊನ್ನೆ ಎಷ್ಟು ಭಾರ ಎಂದು ಮೇಷ್ಟ್ರಿಗೆ ಬರೆದು ತಿಳಿಸಬೇಕೆಂದಿದ್ದೆ, ಬರೆಯಲು ಬಗ್ಗಲಾಗಲಿಲ್ಲ.

ಪರೀಕ್ಷೆಯ ದಿನ ಬಂತು. ಅದೂ ಫೋನಿನಲ್ಲೇ. ಕ್ಯಾಮರಾ ತೆರೆದಿರಬೇಕು, ಬೇರೆ ಯಾರೂ ಅದರಲ್ಲಿ ಕಾಣಬಾರದು, ಬೇರೆ ದನಿ ಕೇಳಬಾರದು, ಕೇಳಿದರೆ ಅಲ್ಲಿಗೇ ಫೇಲು. ಇದನ್ನೆಲ್ಲ ಅತ್ತೆಗೆ ಹಿಂದಿನ ದಿನವೇ ಹೇಳಿದ್ದೆ. ಬೆಳಿಗ್ಗೆ ಸಿಂಬಿ ಸುತ್ತಿಕೊಳ್ಳಲು ಹೋದ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, “ಇವತ್ತೊಂದಿನ ನಿನ್ ಸೊನ್ನೆಯ ನಾನೇ ಒತ್ಕತೀನಿ. ನೀ ಓಗಿ ಬರಿ,” ಅಂದರು. ಹತ್ತು ಗಂಟೆಗೆ ಮುಗಿಯುತ್ತದೆ ಎಂದು ಹೇಳಿದ್ದೆ. ಟವರು ಕರ್ನಾಟಕಕ್ಕೂ ತಮಿಳುನಾಡಿಗೂ ನನ್ನನ್ನು ಎಳೆದಾಡಿ, ಶುರುವಾಗುವುದೇ ಅರ್ಧ ಗಂಟೆ ತಡವಾಯಿತು.

ಹತ್ತಕ್ಕೆ ಸರಿಯಾಗಿ ಅತ್ತೆ ಮಂಕರಿ ಹೊತ್ತು ಬಂದರು. ನಾನಿನ್ನೂ ಫೋನಿಗೆ ಕಣ್ಣು ನೆಟ್ಟಿರುವುದನ್ನು ಕಂಡು ನುಗ್ಗೆಮರದ ಹತ್ತಿರ ಗಕ್ಕನೆ ನಿಂತರು. ತಿಪ್ಪೆಗೆ ಬಂದರೆ ಕ್ಯಾಮರಾಕ್ಕೆ ಬೀಳುತ್ತಾರೆ. ಇಳಿಸಿದರೆ ಮತ್ತೆ ಎತ್ತಿಕೊಡಲು ಕೈ ಬೇಕು, ಆ ಕೈಯಲ್ಲಿ ಫೋನಿತ್ತು. ನಾನು ಹುಬ್ಬು ಹಾರಿಸಿದೆ. ಅವರು ಒಂದು ಕೈಯಲ್ಲಿ ಮಂಕರಿ ಹಿಡಿದು ಇನ್ನೊಂದು ಕೈಯನ್ನು ‘ಬರಿ, ಬರಿ’ ಎಂದು ಆಡಿಸಿದರು. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಕೆನ್ನೆಯ ಮೇಲೆ ಗಂಜಳದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಗ ಬಂತು ಆ ಪ್ರಶ್ನೆ. ಒಬ್ಬ ಹೆಂಗಸು ತಲೆಯ ಮೇಲೆ ಭಾರ ಹೊತ್ತು ಸಮತಟ್ಟು ನೆಲದಲ್ಲಿ ನಡೆಯುತ್ತಾಳೆ, ಭೂಮಿಯ ಸೆಳೆತಕ್ಕೆ ಎದುರಾಗಿ ಅವಳು ಮಾಡಿದ ಕೆಲಸವೆಷ್ಟು? ನಾಲ್ಕು ಉತ್ತರ ಕೊಟ್ಟಿದ್ದರು. ನಾಲ್ಕನೆಯದು ಪೂಜ್ಯಂ.

ಉತ್ತರ ನನಗೆ ಗೊತ್ತಿತ್ತು. ಬೆರಳು ಮಾತ್ರ ಮುಂದಕ್ಕೆ ಹೋಗಲಿಲ್ಲ. ತಲೆ ಎತ್ತಿದರೆ ಪ್ರಶ್ನೆಯೇ ನುಗ್ಗೆಮರದ ಕೆಳಗೆ ನಿಂತಿತ್ತು. ಅದು ನಡೆಯುತ್ತಲೂ ಇರಲಿಲ್ಲ, ನನಗೋಸ್ಕರ ನಿಂತಿತ್ತು. ನಾಚಿಕೆಯಾಯಿತು. ಬೇರೆ ಯಾವುದನ್ನಾದರೂ ಒತ್ತಿ ಒಂದು ಅಂಕ ಅತ್ತೆಯ ಹೆಸರಿಗೆ ಬಿಟ್ಟುಬಿಡೋಣ ಅನ್ನಿಸಿತು. ಆ ಒಂದು ಅಂಕಕ್ಕೇ ಫೇಲಾದರೆ ಇಷ್ಟು ದಿನ ಹೊತ್ತದ್ದೆಲ್ಲ ನಿಜವಾಗಿಯೂ ಸೊನ್ನೆಯಾಗುತ್ತಿತ್ತು. ಕಣ್ಣು ಮುಚ್ಚಿ ಒತ್ತಿದೆ. ಉಳಿದ ಪ್ರಶ್ನೆಗಳನ್ನು ಓದಿದ್ದೆಷ್ಟೋ, ಬಿಟ್ಟಿದ್ದೆಷ್ಟೋ. ಮುಗಿಸಿ, ಫೋನು ಕಲ್ಲಿನ ಮೇಲೆಸೆದು ಓಡಿಹೋಗಿ ಮಂಕರಿ ಇಳಿಸಿದೆ.

“ಯಾಕವ್ವ ಅಳ್ತಿದ್ದೀಯೆ? ಏನ್ ಕೇಳುದ್ರು?”

“ನಿಮ್ಮನ್ನೇ ಕೇಳಿದ್ರು ಅತ್ತೆ.”

“ಏನ್ ಒತ್ದೆ?”

“ಪೂಜ್ಯಂ.”

“ಅವರ್ ಬಾಸೇಲಾ, ನಮ್ ಬಾಸೇಲಾ?”

ನಾನು ಸೆರಗಿನಿಂದ ಅವರ ಕೆನ್ನೆಯ ಗಂಜಳ ಒರೆಸಿದೆ. ಅತ್ತೆ ನಕ್ಕುಬಿಟ್ಟರು. ನಮ್ಮ ಕಡೆಯ ಬಾಯಿಗೆ ಹಕಾರ ಬರುವುದಿಲ್ಲ, ಹೊತ್ತಿದ್ದೂ ಒತ್ತಿದ್ದೇ. “ನಾನೂ ಒತ್ತೆ, ನೀನೂ ಒತ್ದೆ. ಓಗ್ಲಿ ಬಾ, ಉಣ್ಣನ,” ಎಂದು ಸೊಂಟ ಹಿಡಿದುಕೊಂಡು ಮುಂದೆ ನಡೆದರು.

ಪಾಸಾದೆ, ಕೂದಲೆಳೆಯಲ್ಲಿ. ಅತ್ತೆ ಊರಲ್ಲೆಲ್ಲ ಹೇಳಿಕೊಂಡು ಬಂದರು: “ನಮ್ ಸೊಸೆ ಒರೆ ಒರದು ಪೂಜ್ಯ ಅಂತ ಬರ್ದು ಪಾಸಾದ್ಲು.” ಅವರಿಗೆ ಆ ಪದದ ಅರ್ಥ ಚೆನ್ನಾಗಿ ಗೊತ್ತು, ನಾನೇ ತಿದ್ದಿ ಕಲಿಸಿದ್ದು. ಆದರೂ ಹಾಗೇ ಹೇಳುತ್ತಾರೆ. ಒಪ್ಪಂದವೂ ಹಾಗೇ ಮುಂದುವರಿದಿದೆ. ಮೊನ್ನೆ ಮಂಕರಿ ಹೊತ್ತು ತಿಪ್ಪೆಯ ಕಡೆ ಹೋಗುತ್ತಿದ್ದೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಚಿಕ್ಕವ್ವ, “ಡಿಗ್ರಿ ಆಯ್ತಂತಲ್ಲವ್ವ, ಈಗ ಏನ್ ಕೆಲ್ಸ ಮಾಡ್ತಾ ಇದ್ದೀಯೆ?” ಎಂದು ಕೇಳಿದರು. ತಲೆಯ ಮೇಲೆ ಭಾರವಿತ್ತು, ಹೆಚ್ಚು ಮಾತಾಡುವ ಹಾಗಿರಲಿಲ್ಲ. “ಪೂಜ್ಯಂ,” ಅಂದೆ. ಚಿಕ್ಕವ್ವ ಯಾವುದೋ ದೊಡ್ಡ ಹುದ್ದೆಯೆಂದು ತಿಳಿದು, “ಒಳ್ಳೇದಾಗ್ಲಿ ಕಣವ್ವ,” ಎಂದು ಎರಡೂ ಕೈ ಎತ್ತಿ ಹರಸಿದರು. ನಾನು ತಿದ್ದಲಿಲ್ಲ.