ಹದಿಮೂರು ಕಾಲಮ್ಮಿನ ನಾಯಿ

ಬರೆದಿಟ್ಟರೆ ಯಾವ ಕೆಲಸವೂ ಅರ್ಧ ಮುಗಿದಂತೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಉಳಿದರ್ಧವನ್ನು ಯಾರು ಮುಗಿಸುತ್ತಾರೆ ಎಂಬುದನ್ನು ಮಾತ್ರ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಚಿಕ್ಕೋಡಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ನಂಬರು ಹಾಕುವುದು ನನ್ನ ಕೆಲಸ. ಸಂಜೆ ಕರೋಶಿಯ ನಮ್ಮ ತೋಟದ ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಆಕಳು ಈದ ಹೊತ್ತು, ನಾನು ಕ್ಷೌರ ಮಾಡಿಸಿಕೊಂಡ ದಿನಗಳು, ಆಯಿ, ಅಂದರೆ ನಮ್ಮ ಅಜ್ಜಿ, ತನ್ನ ಮದುವೆಯ ಬಂಡಿ ಮಗುಚಿದ ಕಥೆಯನ್ನು ಈ ವರ್ಷ ಎಷ್ಟು ಸಲ ಹೇಳಿದಳು (ಇಲ್ಲಿಯವರೆಗೆ ಹತ್ತೊಂಬತ್ತು), ಎಲ್ಲವೂ ನನ್ನ ಡೈರಿಯಲ್ಲಿವೆ. ಹೀಗಾಗಿ ನಾಯಿ ಆರಿಸುವ ಜವಾಬ್ದಾರಿ ನನ್ನ ಮೇಲೆ ಬಿದ್ದದ್ದು ಸಹಜವೇ.

ನಾಯಿ ಬೇಕಾದದ್ದು ಶೋಕಿಗಲ್ಲ. ನಮ್ಮ ಮನೆಯ ಮೂರು ಕಡೆ ಕಬ್ಬು. ಆ ಕಬ್ಬಿನೊಳಗೆ ನರಿಗಳ ಸಂಸಾರಗಳಿವೆ. ಕಬ್ಬು ನಿಂತಿರುವವರೆಗೆ ಅವುಗಳ ಪಾಡಿಗೆ ಅವು, ನಮ್ಮ ಪಾಡಿಗೆ ನಾವು. ಕಡಿದ ಮರುದಿನ ಅವು ಮನೆ ಕಳೆದುಕೊಂಡು ಅಂಗಳದ ಸುತ್ತ ಸುಳಿದಾಡುತ್ತವೆ. ಹೋದ ವರ್ಷ ಪಕ್ಕದ ತೋಟದವರ ಎಳೆಗರುವನ್ನು ಹೀಗೇ ಕಚ್ಚಿ ಹಾಕಿದ್ದವು. ಈ ಸಲ ನಮ್ಮ ಆಕಳು ಈದು ಎಂಟು ದಿನವಾಗಿತ್ತು. ಅವ್ವ ಆ ಕರುವಿನ ಹಣೆಗೆ ದಿನಾ ಕುಂಕುಮ ಇಟ್ಟು ಮಾತಾಡಿಸುತ್ತಿದ್ದಳು. ಅಪ್ಪ ನನ್ನನ್ನು ಕರೆದು, “ಕಬ್ಬ ಹೋಗೂದರಾಗ ಒಂದ ನಾಯಿ ನೋಡಪಾ. ನಮ್ಮ ಮನಿಗಿ ಹೊಂದೂವಂಥಾದ್ದು” ಎಂದರು. ‘ಒಂದು ನಾಯಿ’ ಎಂದಷ್ಟೇ ಹೇಳಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ‘ಹೊಂದೂವಂಥಾದ್ದು’ ಎಂದುಬಿಟ್ಟರು. ನಾನು ಹೊಸ ನೋಟ್‌ಬುಕ್ಕು ತೆಗೆದೆ.

ಮೊದಲು ಮನೆಯವರ ಅಪೇಕ್ಷೆಗಳನ್ನು ಒಂದೊಂದಕ್ಕೆ ಒಂದು ಕಾಲಮ್ಮಿನಂತೆ ಬರೆದುಕೊಂಡೆ. ಅವ್ವನದು ಸರಳ: “ಅಡಗಿ ಮನಿ ಹೊಸ್ತಲಾ ದಾಟಬಾರ್ದು. ರೊಟ್ಟಿ ಮಜ್ಜಿಗಿ ತಿಂದ ಇರಬೇಕು. ತತ್ತಿ ಗಿತ್ತಿ ಅಂದ್ರ ನನ್ನ ಮುಂದ ಹೆಸರ ತಗೀಬ್ಯಾಡ.” ಆಯಿಯದು ಇನ್ನೂ ಸರಳ: “ಸ್ವಾಮಾರ ಶಿವನ ವಾರ, ನಾವೆಲ್ಲಾ ಒಪ್ಪತ್ತು. ಅದೊಂದs ಎರಡ ಹೊತ್ತ ತಿಂದ್ರ ಹೆಂಗ?” ಅಪ್ಪನದೇ ತೊಡಕು. “ಕಳ್ಳ ಬಂದ್ರ ಬೊಗಳಬೇಕು, ಬೀಗರ ಬಂದ್ರ ಸುಮ್ಮನಿರಬೇಕು.”

“ನಾಯಿಗಿ ಬೀಗರ ಯಾರಂತ ಹೆಂಗ ತಿಳೀತೈತಿ ಅಪ್ಪಾ?”

“ನಿನಗರ ತಿಳೀತೈತೇನು? ಹೋದ ಮದಿವ್ಯಾಗ ಸ್ವಂತ ಅತ್ತಿನ್ನ ‘ನೀವ್ಯಾರ್ರಿ’ ಅಂತ ಕೇಳಿದಿ.”

ನಾನು ‘ಬೀಗರ ಗುರುತು’ ಎಂಬ ಕಾಲಮ್ಮನ್ನೂ ಸೇರಿಸಿದೆ. ಒಟ್ಟು ಹದಿಮೂರಾದವು.

ಆಮೇಲೆ, ನಾಯಿ ಯಾರ ಮೇಲೆಲ್ಲ ಬೊಗಳಬೇಕಾದೀತು ಎಂದು ತಿಳಿಯಲು ಒಂದು ವಾರ ಅಂಗಳಕ್ಕೆ ಬಂದವರ ಲೆಕ್ಕ ಇಟ್ಟೆ. ನಾನು ಕಾಲೇಜಿಗೆ ಹೋದಾಗ ಆಯಿ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ಬಂದವರು ಒಟ್ಟು ನೂರಾ ಹನ್ನೆರಡು. ಮಜ್ಜಿಗೆಗೆ ಬಂದವರು, ಮೊಬೈಲು ಚಾರ್ಜಿಗೆ ಇಟ್ಟವರು, ಒಳದಾರಿಯೆಂದು ನಮ್ಮ ಪಡಸಾಲೆಯಲ್ಲೇ ಹಾದುಹೋದವರು, ಏನೂ ಕೆಲಸವಿಲ್ಲದೆ ಬಂದು ಊಟ ಮಾಡಿಯೇ ಎದ್ದವರು. ಇವರಲ್ಲಿ ನಾಯಿ ಕಚ್ಚಬೇಕಾದವರು ಎಷ್ಟು ಜನ ಎಂದು ಕೇಳಿದಾಗ ಅಪ್ಪ ಒಬ್ಬರೂ ಇಲ್ಲ ಎಂದರು. ಅವ್ವ ಸ್ವಲ್ಪ ಯೋಚಿಸಿ ಇಬ್ಬರ ಹೆಸರು ಹೇಳಿದಳು. ಇಬ್ಬರೂ ಅಪ್ಪನ ಕಡೆಯವರು.

ತಳಿಗಳದು ಬೇರೆಯೇ ಗೋಳು. ನಿಪ್ಪಾಣಿಯ ಮಾಮಾ, ಅಂದರೆ ಅವ್ವನ ಅಣ್ಣ, ದಿನಕ್ಕೆರಡು ಸಲ ಫೋನು ಮಾಡಿ, “ಡಾಬರ್‌ಮನ್ ತಗೋಲೇ, ನೋಡಿದ್ರನ ಎದಿ ಒಡೀಬೇಕು” ಎನ್ನುತ್ತಿದ್ದರು. ನೂರಾ ಹನ್ನೆರಡು ಎದೆಗಳ ಹೊಣೆ ಯಾರದು? ಜರ್ಮನ್ ಶೆಫರ್ಡಿಗೆ ನಮ್ಮ ಬಿಸಿಲಲ್ಲಿ ಅಷ್ಟು ಕೂದಲು ಶಿಕ್ಷೆ. ಲ್ಯಾಬ್ರಡಾರ್ ಎಲ್ಲರನ್ನೂ ಪ್ರೀತಿಸುತ್ತದಂತೆ. ನರಿಯನ್ನೂ ಪ್ರೀತಿಸಿದರೆ ಗತಿಯೇನು? ಪಾಮೇರಿಯನ್ ಮರಿಯ ಫೋಟೋ ನೋಡಿ ಆಯಿ, “ಇದನ್ನ ಕಾಯಾಕ ಮತ್ತೊಂದ ನಾಯಿ ತರ್ತಿ ಏನು?” ಎಂದಳು. ನನ್ನ ಮನಸ್ಸು ಮುಧೋಳ ನಾಯಿಯ ಮೇಲಿತ್ತು. ಆದರೆ ಅದು ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವ ನಾಯಿ. ಕಬ್ಬಿದ್ದಾಗ ಮೂರು ಅಡಿಯಾಚೆ ಏನೂ ಕಾಣುವುದಿಲ್ಲ. ಕಬ್ಬು ಹೋದ ಮೇಲೆ ಎಲ್ಲವೂ ಕಾಣುತ್ತದೆ. ಒಮ್ಮೆ ಓಡಲು ಹತ್ತಿದರೆ ನಾಲ್ಕೂರು ದಾಟಿ ಸದಲಗಾ ಮುಟ್ಟಿಯೇ ನಿಂತೀತು. ಹದಿಮೂರಕ್ಕೆ ಒಂಬತ್ತಕ್ಕಿಂತ ಹೆಚ್ಚು ಅಂಕ ಯಾವ ನಾಯಿಗೂ ಬರಲಿಲ್ಲ.

ಆದರೂ ನಾನು ಗಾಬರಿಯಾಗಲಿಲ್ಲ. ಕಬ್ಬು ಕಡಿಯುವ ಗ್ಯಾಂಗು ಸೋಮವಾರ ಬರುತ್ತೇವೆ ಎಂದಿತ್ತು. ನಮ್ಮ ಕಡೆ ಗ್ಯಾಂಗಿನವರು ಸೋಮವಾರ ಎಂದರೆ ಹದಿನೈದು ದಿನ ಕೂಡಿಸಿಕೊಳ್ಳಬೇಕು. ಮದುವೆಯ ತಾರೀಖು ಹಿಡಿಯುವವರೂ ಈ ಲೆಕ್ಕ ಕೂಡಿಸಿಯೇ ಹಿಡಿಯುತ್ತಾರೆ. ನಾನೂ ಡೈರಿಯಲ್ಲಿ ಹದಿನೈದು ದಿನ ಮುಂದಕ್ಕೆ ಎಣಿಸಿ ಗುರುತು ಹಾಕಿ, ಒಂಬತ್ತು ಅಂಕದವುಗಳಿಗೆ ಎರಡನೇ ಸುತ್ತಿನ ಪರೀಕ್ಷೆ ಶುರುಮಾಡಿದ್ದೆ. ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದರೆ ಎರಡು ಟ್ರ್ಯಾಕ್ಟರು ನಿಂತಿವೆ.

“ಇಷ್ಟ ಲಗೂ ಬಂದ್ರಿ?” ಎಂದು ಅಪ್ಪ ಹೌಹಾರಿದರು.

ಅಥಣಿ ಕಡೆಯ ಮುಕಾದಮ, ಗ್ಯಾಂಗಿನ ಹಿರಿಯ, ಮುಖ ಸಣ್ಣ ಮಾಡಿದ. “ಸ್ವಾಮಾರ ಅಂದಿದ್ವಿ, ಸ್ವಾಮಾರ ಬಂದೇವ್ರಿ. ತಪ್ಪಾತೇನ್ರಿ?”

ಮೂರು ದಿನದಲ್ಲಿ ಹೊಲ ಬೋಳಾಯಿತು. ಅವ್ವ ನನ್ನ ನೋಟ್‌ಬುಕ್ಕನ್ನು ಕರುವಿನ ಮುಂದೆ ಹಿಡಿದು, “ನರಿ ಬಂದ್ರ ಇದನ್ನ ತೋರಸವಾ ತಂಗಿ” ಎಂದಳು. ನಗುತ್ತಿರಲಿಲ್ಲ. ಕಣ್ಣು ತುಂಬಿದ್ದವು. ನಾನು ಮಲಗುವ ಹೊರಸು ಎತ್ತಿಕೊಂಡು ಕೊಟ್ಟಿಗೆಯ ಬಾಗಿಲಿಗೆ ಹಾಕಿದೆ. ನಾಲ್ಕನೆಯ ದಿನ, ದೀಪ ಹಚ್ಚುವ ಹೊತ್ತಿಗೆ, ಬಣವೆಯ ಹಿಂದೆ ಎರಡು ಕಿವಿ ಕಂಡವು. ನನ್ನ ಗಂಟಲಿನಿಂದ ಹೊರಟ ಸದ್ದು ಯಾವ ಭಾಷೆಯದೋ ನನಗೆ ಗೊತ್ತಿಲ್ಲ. ನರಿ ಓಡಿತು, ಪಕ್ಕದ ತೋಟದವರು ಕೋಲು ಹಿಡಿದು ಬಂದರು, ಕರು ಮಾತ್ರ ಮೊಲೆ ಬಿಡಲಿಲ್ಲ.

ಮರುದಿನ ಮಾಮಾ ಫೋನು ಮಾಡಿದಾಗ ಅವ್ವ ಹೇಳುತ್ತಿದ್ದದ್ದು ನನಗೆ ಹೊರಸಿನ ಮೇಲೇ ಕೇಳಿಸಿತು. “ಎಲ್ಲಿ ನಾಯಿ ಅಣ್ಣಾ, ಇನ್ನೂ ಬರಿಯಾಕತ್ತಾನ. ಸದ್ಯ ಅವನ್ನs ಕರುವಿನ ಮುಂದ ಹಾಕೇವಿ. ಬ್ಯಾಟರಿ ಕೊಟ್ಟೇವಿ. ರೊಟ್ಟಿ ಮಜ್ಜಿಗಿ ಅಲ್ಲೇ ಒಯ್ದ ಇಡ್ತೀನಿ, ತಿಂತಾನ. ಭಾಳ ಛಲೋ ಅದಾನ, ಬಂದವರ ಸುದ್ದಿಗಿ ಹೋಗೂದಿಲ್ಲ.”

ಹತ್ತನೆಯ ದಿನ ಡೇರಿಗೆ ಹಾಲು ಹಾಕಲು ಹೋದ ಅವ್ವ ಸೆರಗಿನಲ್ಲಿ ಒಂದು ಕಂದು ಮರಿಯನ್ನು ಮುಚ್ಚಿಕೊಂಡು ಬಂದಳು. ಯಾವ ತಳಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಈಗ ನಾನು ಕೊಟ್ಟಿಗೆ ಕಾಯುತ್ತೇನೆ, ಅದು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತದೆ. ದೊಡ್ಡದಾಗುವವರೆಗೆ ಕೆಲಸ ಕಲಿಸುವುದು ನಿನಗೇ ಬಿಟ್ಟದ್ದು ಎಂದಿದ್ದಾರೆ ಅಪ್ಪ. ಇದರಲ್ಲಿ ಅನುಭವ ಇರುವುದು ಮನೆಯಲ್ಲಿ ನನಗೊಬ್ಬನಿಗೇ.